ಮೂರು ಹಳೇ ಹಾಯಿದೋಣಿ, ಒಂದೇ ಬಜೆಟ್: ಯಾವ್ದು ತಗೊಳ್ಳೋದು?

ಪ್ರಶ್ನೆ: ನಮಸ್ಕಾರ ಸರ್. ನಾವು ಮೂಲತಃ ಶಿವಮೊಗ್ಗದವರು, ಈಗ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕೆಲ್ಸ ಮಾಡ್ಕೊಂಡು ಇದೀವಿ. ನಾನೂ ನನ್ ಹೆಂಡ್ತೀನೂ ಇಲ್ಲೇ ಸೈಲಿಂಗ್ ಕಲ್ತು ಡೇ ಸ್ಕಿಪ್ಪರ್ ಕೋರ್ಸ್ ಮುಗಿಸಿದೀವಿ, ಮಗಳಿಗೆ 11 ವರ್ಷ, ಅವಳಿಗೂ ನೀರು ಅಂದ್ರೆ ಪ್ರಾಣ. ಮೊದ್ಲು ಎರಡು ಮೂರು ವರ್ಷ ಇಲ್ಲೇ ಪಕ್ಕದ ಸೋಲೆಂಟ್ ಜಲಸಂಧಿ, ಬೇಸಿಗೆ ರಜೇಲಿ ಫ್ರಾನ್ಸಿನ ಬ್ರಿಟನಿ ಕಡೆ, ಆಮೇಲೆ ಸಾಧ್ಯ ಆದ್ರೆ ಮೆಡಿಟರೇನಿಯನ್ ಅನ್ನೋದು ಕನಸು. ಒಟ್ಟು ಬಜೆಟ್ 36,000 ಪೌಂಡ್. ಮೂರು ದೋಣಿ ನೋಡಿಟ್ಟಿದೀವಿ: 1976ರ ಕಾಂಟೆಸ್ಸಾ 32, ಕೇಳ್ತಿರೋದು 19,000. 1984ರ ವೆಸ್ಟರ್ಲಿ ಫುಲ್ಮಾರ್, ಎರಡು ಕೀಲ್ (ತಳದಿಂದ ನೀರೊಳಗೆ ಇಳಿದಿರೋ ಭಾರದ ರೆಕ್ಕೆ) ಇರೋದು, 17,500. 2001ರ ಬವೇರಿಯಾ 34, 33,000. ಬವೇರಿಯಾ ಒಳಗೆ ಹೋದ್ರೆ ಈಚೆ ಬರೋಕೇ ಮನಸಾಗಲ್ಲ, ಅಷ್ಟು ಚೆನ್ನಾಗಿದೆ. ಆದ್ರೆ ಕ್ಲಬ್ಬಲ್ಲಿ ಎಲ್ಲಾರೂ ಕಾಂಟೆಸ್ಸಾ ಅಂತಾರೆ. ಹೆಂಡ್ತಿಗೆ ಸ್ವಲ್ಪ ಅಲೆ ಜಾಸ್ತಿ ಆದ್ರೂ ವಾಂತಿ ಬರೋ ಹಾಗಾಗತ್ತೆ. ಇನ್ನೊಂದು, ನಮ್ಮದು ಇನ್ನೂ ಇಂಡಿಯನ್ ಪಾಸ್‌ಪೋರ್ಟೇ. ದಯವಿಟ್ಟು ಸಲಹೆ ಕೊಡಿ.

ಉತ್ತರ: ನಮಸ್ಕಾರ. ಮೊದ್ಲೇ ನೇರವಾಗಿ ಹೇಳ್ಬಿಡ್ತೀನಿ, ಸರ್ವೇ ರಿಪೋರ್ಟ್, ಅಂದ್ರೆ ದೋಣಿ ತಜ್ಞರು ಪರೀಕ್ಷೆ ಮಾಡಿ ಬರೆದುಕೊಡೋ ವರದಿ, ಚೆನ್ನಾಗಿ ಬಂದ್ರೆ ಫುಲ್ಮಾರ್ ತಗೊಳ್ಳಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದ ಬರೀಬೇಕು, ಯಾಕಂದ್ರೆ ನೀವು ಮೂರು ದೋಣೀನ ಹೋಲಿಸ್ತಾ ಇರೋದು ಹೆಸರು, ವಯಸ್ಸು ಮತ್ತೆ ಬೆಲೆ ಇಟ್ಕೊಂಡು. ಹಳೇ ದೋಣಿ ಕೊಳ್ಳೋವಾಗ ಈ ಮೂರಕ್ಕಿಂತ ಮುಖ್ಯವಾದ್ದು ಎರಡಿದೆ. ಹಿಂದಿನ ಓನರ್ ಅದನ್ನ ಹೆಂಗೆ ನೋಡ್ಕೊಂಡಿದಾರೆ ಅನ್ನೋದು ಒಂದು, ಕೊಂಡ್ಮೇಲೆ ನಿಮ್ ಕೈಲಿ ಎಷ್ಟು ದುಡ್ಡು ಉಳಿಯತ್ತೆ ಅನ್ನೋದು ಇನ್ನೊಂದು.

ಕಾಂಟೆಸ್ಸಾ 32 ಬಗ್ಗೆ ನಿಮ್ ಕ್ಲಬ್ಬಿನವರು ಹೇಳೋದು ಸುಳ್ಳಲ್ಲ, ನಂಗೂ ಆ ದೋಣಿ ಅಂದ್ರೆ ತುಂಬಾ ಗೌರವ. ಡೇವಿಡ್ ಸ್ಯಾಡ್ಲರ್ ಡಿಸೈನ್ ಮಾಡಿದ್ದು, ನಿಮ್ಮೂರಿಂದ ದೂರ ಇಲ್ಲದ ಲಿಮಿಂಗ್ಟನ್‌ನಲ್ಲಿ ಜೆರೆಮಿ ರಾಜರ್ಸ್ ಕಟ್ಟಿದ್ದು, 700ಕ್ಕೂ ಜಾಸ್ತಿ ದೋಣಿ ನೀರಿಗೆ ಇಳಿದಿವೆ. 1979ರ ಆಗಸ್ಟಲ್ಲಿ ಫಾಸ್ಟ್‌ನೆಟ್ ರೇಸಿಗೆ 303 ದೋಣಿ ಹೊರಟಿದ್ವು, ಮಧ್ಯದಲ್ಲಿ ಭಾರೀ ಬಿರುಗಾಳಿ ಸಿಕ್ಕಿ 15 ಜನ ಸ್ಪರ್ಧಿಗಳು ತೀರ್ಕೊಂಡ್ರು, ಅವತ್ತು ಅತಿ ಚಿಕ್ಕ ದೋಣಿಗಳ ಕ್ಲಾಸಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು, ಅಸೆಂಟ್ ಅನ್ನೋ ಕಾಂಟೆಸ್ಸಾ 32. ಅದಕ್ಕೆ ಕಾರಣ ದೋಣಿಯ ಆಕಾರದಲ್ಲೇ ಇದೆ. ಅಗಲ ಕಮ್ಮಿ, ಮೈ ಆಳ, ಒಟ್ಟು ತೂಕದ ಹೆಚ್ಚುಕಮ್ಮಿ ಅರ್ಧ ಕೆಳಗೆ ಕೀಲ್‌ನಲ್ಲೇ ಇದೆ, ಹಾಗಾಗಿ ಅಲೆ ಹೊಡೆದು ಪೂರ್ತಿ ಮಗುಚಿದ್ರೂ ಕೀಲ್ ತೂಕಕ್ಕೆ ವಾಪಸ್ ತಿರುಗಿ ಎದ್ದು ನಿಲ್ಲತ್ತೆ. ಅಗಲವಾದ ದೋಣಿ ಮೊದ್ಲು ಬಾಗೋದು ಕಷ್ಟ ನಿಜ, ಆದ್ರೆ ಒಂದ್ಸಲ ಪೂರ್ತಿ ತಲೆಕೆಳಗಾದ್ರೆ ಹಾಗೇ ಉಳಿದುಬಿಡೋ ಅಪಾಯ ಜಾಸ್ತಿ.

ಆದ್ರೆ ನೀವು ಹೋಗ್ತಿರೋದು ರೇಸಿಗಲ್ಲ, ಮಗಳನ್ನ ಕರ್ಕೊಂಡು ರಜೆಗೆ. ಕಾಂಟೆಸ್ಸಾ ಅಗಲ 2.9 ಮೀಟರ್ ಅಷ್ಟೇ. ಹಿಂದ್ಗಡೆ ಬೇರೆ ಕ್ಯಾಬಿನ್ ಇಲ್ಲ, ಮಳೆ ಬಂದು ಎರಡು ದಿನ ಹಾರ್ಬರಲ್ಲಿ ಕೂತ್ರೆ ಮೂರು ಜನಕ್ಕೆ ಮೊಣಕೈ ಆಡಿಸೋಕೂ ಜಾಗ ಸಾಲಲ್ಲ, ಬ್ರಿಟನಿ ಕಡೆ ಜುಲೈನಲ್ಲೂ ಮಳೆ ಬರತ್ತೆ. ದೋಣಿ ಅಂಚು ನೀರಿಗೆ ಹತ್ರ ಇರೋದ್ರಿಂದ ಕಾಕ್‌ಪಿಟ್‌ನಲ್ಲಿ, ಅಂದ್ರೆ ಚುಕ್ಕಾಣಿ ಹಿಡಿಯೋ ತೆರೆದ ಜಾಗದಲ್ಲಿ, ಕೂತವರು ನೆನೀತಾರೆ. ನಿಮ್ ಮನೆಯವರ ವಾಂತಿ ವಿಷಯಕ್ಕೆ ಮಾತ್ರ ಈ ದೋಣೀನೇ ಮೂರರಲ್ಲಿ ಒಳ್ಳೇದು, ಬೇಗ ಬಾಗತ್ತೆ ಆದ್ರೆ ಅಲೆ ಮೇಲಿಂದ ದಡಾರ್ ಅಂತ ಬೀಳಲ್ಲ, ಮೆತ್ತಗೆ ಸೀಳ್ಕೊಂಡು ಹೋಗತ್ತೆ. ನೀವಿಬ್ಬರೇ ಆಗಿದ್ರೆ, ಅಟ್ಲಾಂಟಿಕ್ ದಾಟೋ ಯೋಚನೆ ಇದ್ದಿದ್ರೆ, ನಾನು ಬೇರೆ ಉತ್ತರ ಬರೀತಿದ್ದೆ.

ಬವೇರಿಯಾ 34 ಒಳಗೆ ಹೋದ್ರೆ ಈಚೆ ಬರೋಕೆ ಮನಸಾಗಲ್ಲ ಅಂದ್ರಿ, ಅರ್ಥ ಆಗತ್ತೆ. ಜರ್ಮನಿಯ ಗೀಬೆಲ್‌ಸ್ಟಾಟ್ ಫ್ಯಾಕ್ಟರೀಲಿ ಸಾಲುಸಾಲಾಗಿ ತಯಾರಾದ ದೋಣಿಗಳು ಇವು, ಅಗಲವಾದ ಹಿಂಭಾಗ, ಬೆಳಕು, ಹಿಂದೆ ಡಬಲ್ ಕ್ಯಾಬಿನ್, ದುಡ್ಡಿಗೆ ಇಷ್ಟು ಜಾಗ ಬೇರೆ ಯಾರೂ ಕೊಡಲ್ಲ. ಕೆಟ್ಟ ದೋಣಿ ಅಂತ ನಾನು ಹೇಳಲ್ಲ, ಇಂಥಾ ದೋಣೀಲಿ ಎಷ್ಟೋ ಜನ ಅಟ್ಲಾಂಟಿಕ್ ದಾಟಿದಾರೆ. ಆದ್ರೆ 2001ರ ದೋಣಿ ಅಂದ್ರೆ ಈಗ ಅದೂ ಹಳೇದೇ ಅನ್ನೋದು ಆ ಹೊಳೆಯೋ ಮರದ ಮುಂದೆ ಮರ್ತುಹೋಗತ್ತೆ. ಮೂರು ವಿಷಯ ಕೇಳಿ. ಎಂಜಿನ್ ಸೈಲ್‌ಡ್ರೈವ್ ಆಗಿದ್ರೆ, ಅಂದ್ರೆ ಪ್ರೊಪೆಲ್ಲರ್ ಇರೋ ಕಾಲು ಎಂಜಿನ್ನಿಂದ ನೇರ ತಳದ ಕೆಳಕ್ಕೆ ಇಳಿದಿದ್ರೆ, ದೋಣಿ ತಳದಲ್ಲಿ ಒಂದು ದೊಡ್ಡ ತೂತು, ಅದನ್ನ ಮುಚ್ಚಿರೋದು ಒಂದು ರಬ್ಬರ್ ಡಯಾಫ್ರಮ್, ಎಂಜಿನ್ ಕಂಪನಿ ವೋಲ್ವೊ ಪೆಂಟಾದವರು ಅದನ್ನ 7 ವರ್ಷಕ್ಕೊಂದ್ಸಲ ಬದಲಾಯಿಸಿ ಅಂತಾರೆ, ಕೊನೇಸಲ ಯಾವಾಗ ಬದಲಾಯಿಸಿದ್ದು, ಬಿಲ್ ಎಲ್ಲಿ? ಎರಡನೇದು ಸೀಕಾಕ್, ಅಂದ್ರೆ ಸಮುದ್ರದ ನೀರು ಒಳಗೆ ಹೊರಗೆ ಹೋಗೋ ವಾಲ್ವ್‌ಗಳು. ಆ ಕಾಲದ ಫ್ಯಾಕ್ಟರಿ ದೋಣಿಗಳಿಗೆ ಮಾಮೂಲಿ ಹಿತ್ತಾಳೆ ವಾಲ್ವ್ ಹಾಕೋರು, ಉಪ್ಪುನೀರಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಗುಲಾಬಿ ಬಣ್ಣಕ್ಕೆ ತಿರುಗತ್ತೆ, ನೋಡೋಕೆ ಗಟ್ಟಿ ಇದ್ದಂಗೆ ಇರತ್ತೆ, ಕೈಯಲ್ಲಿ ಜೋರಾಗಿ ತಿರುಗಿಸಿದ್ರೆ ಮುರಿದು ಕೈಗೆ ಬರತ್ತೆ. ಯುರೋಪಿನ ಸ್ಟಾಂಡರ್ಡ್ ಕೇಳ್ತಿದ್ದದ್ದೇ 5 ವರ್ಷ ಬಾಳಿಕೆ. ಇವುಗಳನ್ನ ಬದಲಾಯಿಸಿ ಕಂಚಿನದು ಹಾಕಿದಾರಾ ನೋಡಿ. ಮೂರನೇದು, ಈ ದೋಣಿ ಮೊದ್ಲು ಚಾರ್ಟರ್ ಕಂಪನೀಲಿ ಬಾಡಿಗೆಗೆ ಓಡ್ತಿತ್ತಾ? ಹಾಗಿದ್ರೆ ಎಷ್ಟು ಸಲ ನೆಲಕ್ಕೆ ತಾಗಿದೆಯೋ ಯಾರಿಗೂ ಲೆಕ್ಕ ಇರಲ್ಲ.

ನೆಲಕ್ಕೆ ತಾಗೋದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಬೋಲ್ಟ್ ಹಾಕಿ ಕೂರಿಸಿರೋ ಕೀಲ್‌ಗೆ ಅದು ದೊಡ್ಡ ವಿಷಯ, ಯಾವ ಕಂಪನಿ ದೋಣಿ ಆದ್ರೂ ಸರಿ. 2014ರ ಮೇ ತಿಂಗಳಲ್ಲಿ ಚೀಕಿ ರಫಿಕಿ ಅನ್ನೋ ದೋಣಿ, ಅದು ಬೆನೆಟೊ ಫಸ್ಟ್ 40.7, ಅಟ್ಲಾಂಟಿಕ್ ಮಧ್ಯ ಕೀಲ್ ಕಳಚಿಬಿದ್ದು ಮಗುಚಿತು, ನಾಲ್ಕು ಜನ ಹೋದ್ರು. ಹಿಂದೆ ಹಲವು ಸಲ ನೆಲಕ್ಕೆ ತಾಗಿದ್ದು, ಅದರ ರಿಪೇರಿಗಳು, ಎಲ್ಲಾ ಸೇರಿ ಕೀಲ್ ಕೂತಿರೋ ಜಾಗದ ಒಳಗಿನ ಅಂಟು ಸಡಿಲ ಆಗಿರಬಹುದು ಅಂತ ಬ್ರಿಟನ್ನಿನ ತನಿಖಾ ವರದಿ ಹೇಳ್ತು. ಅದಕ್ಕೇ ದೋಣೀನ ನೀರಿಂದ ಎತ್ತಿಸಿ ಕೀಲ್ ಮತ್ತು ಮೈ ಸೇರೋ ಗೆರೇಲಿ ತುಕ್ಕಿನ ನೀರು ಇಳಿದಿದೆಯಾ ನೋಡ್ಬೇಕು, ಒಳಗೆ ನೆಲದ ಹಲಗೆ ಎತ್ತಿ ಕೀಲ್‌ನ ಹಿಂದಿನ ತುದಿ ಹತ್ರ ಕೂದಲೆಳೆ ಬಿರುಕು ಇದೆಯಾ ನೋಡ್ಬೇಕು, ಹೊಡೆತ ಬಿದ್ದಾಗ ಬಲ ಎಲ್ಲಾ ಹೋಗಿ ಸೇರೋದು ಅಲ್ಲೇ.

ಈಗ ಫುಲ್ಮಾರ್. ಎಡ್ ಡುಬ್ವಾ ಡಿಸೈನ್, 32 ಅಡಿ, ಪೋರ್ಟ್ಸ್‌ಮತ್ ಹತ್ರ ವಾಟರ್‌ಲೂವಿಲ್‌ನಲ್ಲಿ ಕಟ್ತಿದ್ರು. ವೆಸ್ಟರ್ಲಿಯವರು ಫೈಬರ್‌ಗ್ಲಾಸ್ ಧಾರಾಳವಾಗಿ ಹಾಕ್ತಿದ್ರು, ದೋಣಿ ಮೈಗೆ ಲಾಯ್ಡ್ಸ್ ತಪಾಸಣಾ ಸಂಸ್ಥೆಯ ಸರ್ಟಿಫಿಕೇಟ್ ಕೊಡ್ತಿದ್ರು. ಕಾಂಟೆಸ್ಸಾಗಿಂತ ಅಗಲ, ಒಳಗೆ ನಿಂತು ಅಡುಗೆ ಮಾಡ್ಬಹುದು, ಮಗಳಿಗೆ ಅವಳದ್ದೇ ಅಂತ ಒಂದು ಮೂಲೆ ಸಿಗತ್ತೆ. ನೀವು ನೋಡಿರೋದು ಎರಡು ಕೀಲ್ ಇರೋದು, ಅದು ನಿಮ್ ಪ್ಲಾನಿಗೆ ಹೇಳಿ ಮಾಡಿಸಿದ ಹಾಗಿದೆ. ಯಾಕಂದ್ರೆ ಉತ್ತರ ಬ್ರಿಟನೀಲಿ ಸೇಂಟ್ ಮಾಲೋ ಕಡೆ ಭರತ ಇಳಿತದ ವ್ಯತ್ಯಾಸ 12 ಮೀಟರ್ ಮುಟ್ಟತ್ತೆ, ನಮ್ ಮಂಗಳೂರು ಕರಾವಳಿ ನೋಡಿದವರಿಗೆ ನಂಬೋಕಾಗಲ್ಲ, ಬೆಳಿಗ್ಗೆ ದೋಣಿ ತೇಲ್ತಿದ್ದ ಹಾರ್ಬರಲ್ಲಿ ಮಧ್ಯಾಹ್ನ ಜನ ನಡ್ಕೊಂಡು ಹೋಗ್ತಿರ್ತಾರೆ. ಒಂದೇ ಕೀಲ್ ಇರೋ ದೋಣಿ ಅಲ್ಲಿ ಪಕ್ಕಕ್ಕೆ ಒರಗತ್ತೆ, ಎರಡು ಕೀಲ್ ಇದ್ರೆ ಮರಳಿನ ಮೇಲೆ ನೆಟ್ಟಗೆ ನಿಲ್ಲತ್ತೆ, ನೀವು ಇಳಿದು ಮಗಳ ಜೊತೆ ಚಿಪ್ಪು ಆರಿಸ್ತಾ ದೋಣಿ ತಳಾನೂ ಪರೀಕ್ಷೆ ಮಾಡ್ಬಹುದು. ಇಂಥಾ ದೋಣಿಗೆ ನೀರಿಳಿದಾಗ ಕೆಸರು ಕಾಣೋ ಅಗ್ಗದ ಮೂರಿಂಗ್ (ದೋಣಿ ಕಟ್ಟಿಡೋ ಜಾಗ) ಸಾಕು, ಸೋಲೆಂಟ್‌ನಲ್ಲಿ ಮರೀನಾ ಬಾಡಿಗೆ ಮೀಟರ್ ಲೆಕ್ಕದಲ್ಲಿ ಏರೋದು ನಿಮಗೇ ಗೊತ್ತಲ್ಲ, ವರ್ಷಕ್ಕೆ ಸಾವಿರಾರು ಪೌಂಡ್ ಅಲ್ಲೇ ಉಳಿಯತ್ತೆ.

ಕೊರತೇನೂ ಹೇಳ್ತೀನಿ. ಎರಡು ಕೀಲ್ ದೋಣಿ ಗಾಳಿಗೆ ಎದುರಾಗಿ ಅಷ್ಟು ಚೆನ್ನಾಗಿ ಏರಲ್ಲ, ಪಕ್ಕಕ್ಕೆ ಜಾರತ್ತೆ. ಕೆಸರಿನ ಮೇಲೆ ಸಾವಿರಾರು ಸಲ ಕೂತೆದ್ದು ಕೀಲ್‌ಗಳು ಕಾಲು ಅಗಲಿಸಿದ ಹಾಗೆ ಹೊರಕ್ಕೆ ತಳ್ಳಲ್ಪಟ್ಟಿರಬಹುದು, ಅವುಗಳ ಬುಡದಲ್ಲಿ ಒಳಗಿನ ಫೈಬರ್ ಬಿರುಕು ಬಿಟ್ಟಿದೆಯಾ ಅಂತ ಸರ್ವೇಯರ್‌ಗೆ ವಿಶೇಷವಾಗಿ ಹೇಳಿ. ಮೇಲಿನ ಚಾವಣಿಗೆ ಅಂಟಿಸಿರೋ ರೆಕ್ಸಿನ್ ಹಿಂದಿನ ಫೋಮ್ ಪುಡಿಪುಡಿಯಾಗಿ ಜೋತುಬೀಳೋದು ಹಳೇ ವೆಸ್ಟರ್ಲಿಗಳ ಮಾಮೂಲಿ ಕಾಯಿಲೆ, ನೋಡೋಕೆ ಅಸಹ್ಯ, ಆದ್ರೆ ಅಪಾಯ ಏನಿಲ್ಲ, ನೀವೇ ಕೂತು ಸರಿ ಮಾಡ್ಬಹುದು, ಬೆಲೆ ಇಳಿಸೋಕೂ ಒಳ್ಳೇ ಕಾರಣ.

ಈಗ ದುಡ್ಡಿನ ಮಾತು, ಇಲ್ಲೇ ನನ್ ಉತ್ತರ ನಿಂತಿರೋದು. 32 ಅಡಿ ದೋಣಿಯ ಮಾಸ್ಟ್, ಅಂದ್ರೆ ಹಾಯಿ ಕಂಬ, ಹಿಡಿದಿರೋ ಸ್ಟೀಲ್ ವೈರುಗಳು (ರಿಗ್ಗಿಂಗ್) 10 ವರ್ಷ ದಾಟಿದ್ರೆ ತುಂಬಾ ಇನ್ಶೂರೆನ್ಸ್ ಕಂಪನಿಗಳು ಬದಲಾಯಿಸಿ ಅಂತಾವೆ ಇಲ್ಲಾ ಆ ವೈರುಗಳ ಕೆಲಸ ಮಾಡೋ ರಿಗ್ಗರ್ ರಿಪೋರ್ಟ್ ಕೇಳ್ತಾವೆ, ಬದಲಾಯಿಸೋಕೆ ಮೂರ್ನಾಲ್ಕು ಸಾವಿರ ಪೌಂಡ್ ಇಟ್ಕೊಳ್ಳಿ. ಹೊಸ ಡೀಸೆಲ್ ಎಂಜಿನ್ ಹಾಕ್ಸಿದ್ರೆ ಕೂಲಿ ಸೇರಿ 10,000 ದಾಟೋದು ಸಾಮಾನ್ಯ. ಹಾಯಿಗಳು ಬೇರೆ, ಲಂಗರು ಚೈನು, ಲೈಫ್‌ರಾಫ್ಟ್, ಬ್ಯಾಟರಿ ಬೇರೆ. ಬವೇರಿಯಾಗೆ 33,000 ಕೊಟ್ರೆ ಇದಕ್ಕೆಲ್ಲಾ ನಿಮ್ ಹತ್ರ ಉಳಿಯೋದು 3,000, ಅದರಲ್ಲೇ ಸರ್ವೇ, ಎತ್ತಿಸೋ ಖರ್ಚು. ಫುಲ್ಮಾರ್ ತಗೊಂಡ್ರೆ ಅರ್ಧ ಬಜೆಟ್ ಕೈಲಿರತ್ತೆ, ಆ ದುಡ್ಡಲ್ಲಿ ಅದನ್ನ ನಿಮಗೆ ನಂಬಿಕೆ ಬರೋ ದೋಣಿ ಮಾಡ್ಕೊಬಹುದು. ಅದೇ ಕಾಂಟೆಸ್ಸಾಗೆ ಹೊಸ ಎಂಜಿನ್, ಹೊಸ ರಿಗ್ಗಿಂಗ್ ಹಾಕಿಸಿದ ಬಿಲ್ ಇದ್ದು ಫುಲ್ಮಾರ್‌ಗೆ ಮೂವತ್ತು ವರ್ಷದಿಂದ ಯಾರೂ ಕೈ ಹಾಕಿಲ್ಲ ಅಂತಾದ್ರೆ ಲೆಕ್ಕ ಉಲ್ಟಾ ಆಗತ್ತೆ, ಅದಕ್ಕೇ ಮಾಡೆಲ್ ಹೆಸರಿಗಿಂತ ಬಿಲ್ ಫೈಲ್ ಮೊದ್ಲು ಓದಿ.

ನೋಡೋಕೆ ಹೋಗೋ ದಿನ ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮುಂಚೇನೇ ಹೇಳಿ, ಹೋದ ತಕ್ಷಣ ಕೈಯಿಟ್ಟು ನೋಡಿ, ಬೆಚ್ಚಗಿದ್ರೆ ಯಾಕೆ ಅಂತ ಕೇಳಿ. ತಣ್ಣಗಿರೋ ಡೀಸೆಲ್ ಎಂಜಿನ್ ಹೆಂಗೆ ಹತ್ಕೊಳತ್ತೆ ಅನ್ನೋದ್ರಲ್ಲೇ ಅದರ ಅರ್ಧ ಆರೋಗ್ಯ ಗೊತ್ತಾಗತ್ತೆ. ನೀಲಿ ಹೊಗೆ ನಿಲ್ಲದೇ ಬಂದ್ರೆ ಆಯಿಲ್ ಉರೀತಿದೆ ಅಂತ. ಡೆಕ್ ಮೇಲೆ ಪ್ಲಾಸ್ಟಿಕ್ ಹಿಡಿ ಇರೋ ಸ್ಕ್ರೂಡ್ರೈವರ್ ತಿರುಗಿಸಿ ಹಿಡ್ಕೊಂಡು ತಟ್ಟುತ್ತಾ ಹೋಗಿ, ಟಕ್ ಟಕ್ ಅಂತಿದ್ದದ್ದು ಒಂದು ಕಡೆ ಬದ್ ಅಂದ್ರೆ ಅಲ್ಲಿ ಒಳಗಿನ ಮರ ನೀರು ಕುಡಿದು ಕೊಳೆತಿರಬಹುದು. ಚುಕ್ಕಾಣಿ ಹಿಡಿದು ಅಲ್ಲಾಡಿಸಿ. ದಿಂಬುಗಳನ್ನ ಎತ್ತಿ ಮೂಲೆ ಮೂಲೇಲಿ ಕೈ ಹಾಕಿ, ಒದ್ದೆ ಇದ್ರೆ ಮೇಲೆಲ್ಲಿಂದ ಇಳೀತಿದೆ ಅಂತ ಹುಡುಕಿ. ಇಷ್ಟು ನಿಮ್ ಕೆಲ್ಸ, ಇದು ಪಾಸಾದ್ರೆ ಮಾತ್ರ ಸರ್ವೇಯರ್. ಬ್ರೋಕರ್ ಮೂಲಕ ಆದ್ರೆ ಸಾಮಾನ್ಯವಾಗಿ 10 ಪರ್ಸೆಂಟ್ ಡಿಪಾಸಿಟ್, ಸರ್ವೇ ಸರಿಬರದಿದ್ರೆ ವಾಪಸ್ ಅನ್ನೋ ಕರಾರು ಇರತ್ತೆ, ಓದಿ ಸೈನ್ ಮಾಡಿ. ಸರ್ವೇಯರ್‌ನ ನೀವೇ ಹುಡುಕಿ, ಮಾರೋರು ತೋರಿಸಿದವ್ರು ಬೇಡ.

ಕಾಗದಪತ್ರ: ಬ್ರಿಟನ್ನಿನ ಸ್ಮಾಲ್ ಶಿಪ್ಸ್ ರಿಜಿಸ್ಟರ್‌ನಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಅದು ಒಡೆತನಕ್ಕೆ ಸಾಕ್ಷಿ ಅಲ್ಲ, ಹಿಂದಿನ ಮಾರಾಟದ ಬಿಲ್‌ಗಳ ಸರಪಣಿ ಕೇಳಿ, ವ್ಯಾಟ್ ತೆರಿಗೆ ಕಟ್ಟಿದ ದಾಖಲೆ ಕೇಳಿ. ನೀವು ಬ್ರಿಟನ್‌ನಲ್ಲಿ ವಾಸ ಇರೋರು, ದೋಣೀನೂ ಅಲ್ಲಿದ್ದೇ, ಹಾಗಾಗಿ ಯುರೋಪಿಯನ್ ಯೂನಿಯನ್ ಒಳಗೆ ತಾತ್ಕಾಲಿಕ ಪ್ರವೇಶದ ಮೇಲೆ ದೋಣಿ 18 ತಿಂಗಳು ಇರಬಹುದು. ಆದ್ರೆ ಅದು ದೋಣಿಗೆ, ನಿಮಗಲ್ಲ. ಇಂಡಿಯನ್ ಪಾಸ್‌ಪೋರ್ಟ್ ಇರೋವರೆಗೂ ಷೆಂಗೆನ್ ವೀಸಾ ಇಲ್ಲದೇ ಫ್ರಾನ್ಸ್ ದಂಡೆಗೆ ಕಾಲಿಡೋ ಹಾಗಿಲ್ಲ, ವೀಸಾ ಇದ್ರೂ ಶೆರ್ಬೂರ್‌ನಂಥ ಅಧಿಕೃತ ಪ್ರವೇಶ ಬಂದರಿಗೇ ಮೊದ್ಲು ಹೋಗಿ ಪ್ರವೇಶ ದಾಖಲೆ ಮಾಡಿಸ್ಕೊಬೇಕು, 180 ದಿನದಲ್ಲಿ 90 ದಿನದ ಮಿತಿ ಬೇರೆ. ಜೊತೆಗೆ ಹೋಗೋ ಬ್ರಿಟಿಷ್ ಸ್ನೇಹಿತರಿಗೆ ವೀಸಾ ಬೇಡ, ಅವರಿಗೆ ಇದು ನೆನಪೂ ಆಗಲ್ಲ, ನೀವೇ ಗಮನ ಇಟ್ಕೊಳ್ಳಿ. ಬೇಸಿಗೆ ರಜೆಗೆ ಹೋಗೋದಾದ್ರೆ ವೀಸಾ ಅಪಾಯಿಂಟ್‌ಮೆಂಟ್ ಚಳಿಗಾಲದಲ್ಲೇ ನೋಡಿ.

ಪ್ರಶ್ನೆ: ಹಾಯಿದೋಣೀಲಿ ಪ್ರಪಂಚ ಸುತ್ತೋ ರೇಸಿಗೆ ಹೋಗಿದ್ದ ನಮ್ ದೇಶದ ಅಭಿಲಾಷ್ ಟಾಮಿ ಅವರ ರೇಸ್ ಫಾಲೋ ಮಾಡಿದ್ಮೇಲೆ ಒಂದು ಅನುಮಾನ. ಅಷ್ಟು ಹಳೇ ಮಾದರಿ ದೋಣೀಲಿ ಪ್ರಪಂಚ ಸುತ್ತೋದು ನಿಜವಾಗ್ಲೂ ಸೇಫಾ? ಹೊಸದೇ ಒಳ್ಳೇದಲ್ವಾ? (ಮೈಸೂರಿನ ಓದುಗರು)

ಉತ್ತರ: ಆ ಗೋಲ್ಡನ್ ಗ್ಲೋಬ್ ರೇಸಿನ ನಿಯಮಾನೇ ಹಾಗೆ, 32ರಿಂದ 36 ಅಡಿ, ಉದ್ದ ಕೀಲ್, 1988ಕ್ಕಿಂತ ಮುಂಚಿನ ಡಿಸೈನ್. 2022ರ ರೇಸಲ್ಲಿ ಅಭಿಲಾಷ್ ಎರಡನೇ ಸ್ಥಾನ ಬಂದ ಬಯಾನತ್ ದೋಣಿ ರಸ್ಲರ್ 36, 2018ರ ರೇಸ್ ಗೆದ್ದಿದ್ದೂ ಅದೇ ಮಾಡೆಲ್. ಉದ್ದ ಕೀಲ್ ಅಂದ್ರೆ ದೋಣಿ ಮೈಯ ಜೊತೆಗೇ ಬೆಳೆದು ಹಿಂದೆ ಚುಕ್ಕಾಣಿವರೆಗೂ ಹೋಗೋ ಕೀಲ್, ಚುಕ್ಕಾಣಿ ಅದರ ಬೆನ್ನಿಗೇ ಇರೋದ್ರಿಂದ ಏನಾದ್ರೂ ತೇಲ್ತಿರೋ ದಿಮ್ಮಿಗೆ ಬಡಿದ್ರೂ ಮುರಿಯೋ ಸಾಧ್ಯತೆ ಕಮ್ಮಿ, ಕೈ ಬಿಟ್ರೂ ಬೇಗ ದಿಕ್ಕು ತಪ್ಪಲ್ಲ. ಹಾರ್ಬರ್ ಒಳಗೆ ರಿವರ್ಸ್ ತಗೊಳ್ಳೋದು ಮಾತ್ರ ಪ್ರಾಣಸಂಕಟ. ಇದಕ್ಕೂ ಹಳೇ ಉದಾಹರಣೆ ನಮ್ ಸೈನ್ಯದ್ದೇ ಇದೆ, 1985ರಿಂದ 87ರ ಮಧ್ಯ ಕಾರ್ಪ್ಸ್ ಆಫ್ ಇಂಜಿನಿಯರ್ಸ್‌ನವರು ತೃಷ್ಣಾ ಅನ್ನೋ 37 ಅಡಿಯ ಸ್ವಾನ್ ದೋಣೀಲಿ ಮುಂಬೈಯಿಂದ ಹೊರಟು ಭೂಮಿ ಸುತ್ತಿ ಬಂದ್ರು, ಆ ದೋಣಿ ಬ್ರಿಟನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಬೆಂಗಳೂರಿನ ಹಲಸೂರು ಕೆರೇಲಿ ಸೈನ್ಯದ ಎಂಇಜಿಯವರ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೈಲಿಂಗ್ ಕ್ಲಬ್ಬಿಗೆ ಅದೇ ಹೆಸರು. ಹೊಸದು ಅಂದ್ರೆ ಸೇಫ್ ಅಂತ ಏನಿಲ್ಲ, ದೋಣಿ ಯಾವ ಕೆಲಸಕ್ಕೆ ಕಟ್ಟಿದ್ದು ಅನ್ನೋದನ್ನ ನೋಡಿ.

ಪ್ರಶ್ನೆ: ಆಕ್ಲೆಂಡ್‌ನಲ್ಲಿ ಒಂದು ದೋಣಿ ಒಪ್ಕೊಂಡಿದ್ವಿ, ಸರ್ವೇಲಿ ಆಸ್ಮೋಸಿಸ್ ಅಂತ ಬಂದಿದೆ. ಬಿಟ್ಬಿಡೋದಾ?

ಉತ್ತರ: ಆ ಪದ ನೋಡಿದ ತಕ್ಷಣ ಬಿಡಬೇಡಿ. ಫೈಬರ್ ಮೇಲಿನ ಜೆಲ್‌ಕೋಟ್ ಪದರದ ಮೂಲಕ ವರ್ಷಗಟ್ಟಲೆ ನೀರು ಇಂಗಿ, ಒಳಗಿನ ರಾಸಾಯನಿಕದ ಜೊತೆ ಸೇರಿ ಗುಳ್ಳೆ ಏಳತ್ತೆ, ಒಡೆದ್ರೆ ವಿನೆಗರ್ ತರ ಹುಳಿ ವಾಸನೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ರೆ ಕೆರೆದು ಒಣಗಿಸಿ ಎಪಾಕ್ಸಿ ತುಂಬಿದ್ರೆ ಆಯ್ತು, ಇದರಿಂದ ದೋಣಿ ಮುಳುಗಿದ್ದು ತೀರಾ ಅಪರೂಪ. ತಳ ಪೂರ್ತಿ ಗುಳ್ಳೆ ಆಗಿದ್ರೆ ಜೆಲ್‌ಕೋಟ್ ಸಿಪ್ಪೆ ತೆಗೆದು, ತಿಂಗಳುಗಟ್ಟಲೆ ಒಣಗಿಸಿ ಎಪಾಕ್ಸಿ ಪದರ ಕೊಡಬೇಕು, ಅದು ದೊಡ್ಡ ಖರ್ಚು, ಆ ಕೊಟೇಶನ್ ತರಿಸಿ ಬೆಲೆಯಿಂದ ಕಳೀರಿ, ಒಪ್ಪದಿದ್ರೆ ಬಿಡಿ. ಮಾಯಿಶ್ಚರ್ ಮೀಟರ್ ರೀಡಿಂಗ್ ಮಾತ್ರ ಜಾಸ್ತಿ, ಗುಳ್ಳೆ ಇಲ್ಲ ಅಂದ್ರೆ, ನಿನ್ನೆ ಮೊನ್ನೆ ನೀರಿಂದ ಎತ್ತಿದ ದೋಣೀಲಿ ಅದು ಸಹಜ.

ಪ್ರಶ್ನೆ: ರಿಟೈರ್ ಆದ್ಮೇಲೆ ಲಂಕಾವಿಯಲ್ಲಿ ಹಳೇ ದೋಣಿ ತಗೊಂಡು ಥಾಯ್ಲೆಂಡ್ ಮಲೇಷ್ಯಾ ಸುತ್ತೋ ಆಸೆ. ಸ್ಟೀಲ್ ದೋಣಿ ಅಗ್ಗಕ್ಕೆ ಸಿಗ್ತಿದೆ, ಗಟ್ಟಿ ಅಂತಾರೆ. (ಬೆಂಗಳೂರಿನ ಓದುಗರು)

ಉತ್ತರ: ಲಂಕಾವಿ ಯೋಚನೆ ಒಳ್ಳೇದು. ಅದು ಡ್ಯೂಟಿ ಫ್ರೀ ದ್ವೀಪ, ಪ್ರಪಂಚ ಸುತ್ತೋಕೆ ಹೊರಟ ಎಷ್ಟೋ ದಂಪತಿಗಳು ವಯಸ್ಸಾಗಿ, ಆರೋಗ್ಯ ಕೆಟ್ಟು, ಅಲ್ಲೇ ದೋಣಿ ಮಾರಿ ಊರಿಗೆ ಹೋಗ್ತಾರೆ, ಹಾಗಾಗಿ ವಾಟರ್‌ಮೇಕರ್ (ಸಮುದ್ರದ ನೀರನ್ನ ಕುಡಿಯೋ ನೀರು ಮಾಡೋ ಯಂತ್ರ), ಸೋಲಾರ್, ಒಳ್ಳೇ ಲಂಗರು ಎಲ್ಲಾ ಇರೋ ದೋಣಿ ಸಿಗತ್ತೆ. ಆದ್ರೆ ಸ್ಟೀಲ್ ಬೇಡ ಅಂತೀನಿ. ಗಟ್ಟಿ ನಿಜ, ಬಂಡೆಗೆ ಬಡಿದ್ರೂ ತಗ್ಗಾಗತ್ತೆ, ತೂತಾಗೋದು ಕಮ್ಮಿ, ಆದ್ರೆ ಸ್ಟೀಲ್ ತುಕ್ಕು ಹಿಡಿಯೋದು ಒಳಗಿಂದ, ಇನ್ಸುಲೇಶನ್ ಹಿಂದೆ, ಎಂಜಿನ್ ಕೆಳಗೆ, ಕೈ ಹೋಗದ ಜಾಗದಲ್ಲಿ, ಆ ಸೆಕೆಗೆ ಆ ಉಪ್ಪಿಗೆ ಇನ್ನೂ ಬೇಗ. ಅಲ್ಟ್ರಾಸೌಂಡ್ ಮೀಟರ್ ಇಟ್ಟು ತಳದ ದಪ್ಪ ನೂರಾರು ಕಡೆ ಅಳೆಸ್ದೇ ಕೊಳ್ಳಬಾರದು. ಸ್ಟೀಲ್ ಮೇಲೆ ತೇಗದ ಹಲಗೆ ಡೆಕ್ ಹಾಕಿದ್ರಂತೂ ನೋಡೋಕೂ ಹೋಗ್ಬೇಡಿ, ಆ ಹಲಗೆ ಕೆಳಗೆ ಏನಾಗಿದೆ ಅಂತ ಕೀಳೋವರೆಗೂ ಗೊತ್ತಾಗಲ್ಲ.

ಅಲ್ಲಿಗೆ ಫೈಬರ್ ದೋಣಿ, 34ರಿಂದ 38 ಅಡಿ ಸಾಕು. ಮಲಾಕ್ಕಾ ಜಲಸಂಧೀಲಿ ಗಾಳಿ ಕಮ್ಮಿ, ತುಂಬಾ ದೂರ ಎಂಜಿನ್ ಮೇಲೇ ಹೋಗ್ತೀರಿ, ಹಾಗಾಗಿ ಹಾಯಿ ಹೊಸದಾ ಅನ್ನೋದಕ್ಕಿಂತ ಎಂಜಿನ್ ಹೆಂಗಿದೆ, ನೆರಳಿಗೆ ದೊಡ್ಡ ಚಪ್ಪರ ಇದೆಯಾ, ಕಿಟಕಿಗಳು ಗಾಳಿಗೆ ಅಗಲವಾಗಿ ತೆರೆಯತ್ತಾ ಅಂತ ನೋಡಿ. ಬಿಸಿಲಿಗೆ ಹಾಯಿ ಹೊಲಿಗೆ ಮೊದ್ಲು ಹೋಗತ್ತೆ, ಉಗುರಲ್ಲಿ ಕೆರೆದ್ರೆ ದಾರ ಪುಡಿಯಾದ್ರೆ ಹೊಲಿಸೋ ಖರ್ಚು ಹಿಡೀರಿ. ಡಿಸೆಂಬರಿಂದ ಮಾರ್ಚ್ ಆ ಕಡೆ ಒಳ್ಳೇ ಕಾಲ, ದೋಣಿ ನೋಡೋಕೆ ಮಾತ್ರ ಮಳೆಗಾಲದಲ್ಲಿ ಹೋಗಿ, ಎಲ್ಲಿ ಸೋರತ್ತೆ ಅಂತ ಕಣ್ಣಾರೆ ಕಾಣತ್ತೆ. ಆ ಪ್ರದೇಶದಲ್ಲಿ ಸಿಡಿಲು ಜಾಸ್ತಿ, ಮಾಸ್ಟಿಗೆ ಹೊಡೆದ್ರೆ ಒಳಗಿನ ಎಲೆಕ್ಟ್ರಾನಿಕ್ಸ್ ಪೂರ್ತಿ ಹೋಗಬಹುದು, ಕೆಲವು ತಿಂಗಳಾದ್ಮೇಲೆ ಒಂದೊಂದಾಗಿ ಕೈಕೊಡೋದೂ ಉಂಟು. ಈ ದೋಣಿಗೆ ಯಾವಾಗಾದ್ರೂ ಸಿಡಿಲು ಹೊಡೆದಿದೆಯಾ ಅಂತ ಓನರ್‌ನ ಬರವಣಿಗೇಲಿ ಕೇಳಿ, ಹೌದು ಅಂದ್ರೆ ಇನ್ಶೂರೆನ್ಸ್ ಕ್ಲೇಮ್ ಮಾಡಿದ ಕಾಗದ ಮತ್ತೆ ಏನೇನು ಬದಲಾಯಿಸಿದ್ರು ಅನ್ನೋ ಪಟ್ಟಿ ತರಿಸ್ಕೊಳ್ಳಿ, ತಳದ ಸೀಕಾಕ್‌ಗಳ ಸುತ್ತಾನೂ ಸರ್ವೇಯರ್ ಹತ್ರ ನೋಡಿಸಿ, ಸಿಡಿಲು ನೀರಿಗೆ ಇಳಿಯೋಕೆ ಆ ದಾರೀನೂ ಹಿಡಿಯತ್ತೆ.